ಅಳಿದವನಿಗೆ ಏಳು ಹೆಸರು

ದೇವನಹಳ್ಳಿಯ ಕೋಟೆ ಎಷ್ಟು ಕೈ ಬದಲಾಯಿಸಿದೆ ನೋಡಿ! 1501ರಲ್ಲಿ ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮೈಸೂರಿನ ದಂಡು ಮುತ್ತಿಗೆ ಹಾಕಿ ಅದನ್ನು ಗೆದ್ದುಕೊಂಡಿತು. ಹೈದರ್ ಅಲಿ ಎಂಬ ಸೈನಿಕನ ಹೆಸರು ಮೊದಲು ಎದ್ದು ಕೇಳಿಸಿದ್ದು ಅದೇ ಮುತ್ತಿಗೆಯಲ್ಲಿ. ಮುಂದೆ ಮಣ್ಣಿನ ಗೋಡೆ ಕಲ್ಲಾಯಿತು. ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಬಂದೂಕು, ಫಿರಂಗಿ, ಬುರುಜು, ಕಂದಕ ಎಲ್ಲದರ ಕಾಲ ಮುಗಿದಿದೆ. ಇವತ್ತು ಈ ಕೋಟೆಗೆ ಕಾವಲು ನಿಂತಿರುವುದು ಯಾರು ಗೊತ್ತೆ? ಏಳು ಇಂಗ್ಲಿಷ್ ಕ್ರಿಯಾಪದಗಳು!

ಉತ್ಪ್ರೇಕ್ಷೆಯಲ್ಲ. ಕೋಟೆಯೂ ಟಿಪ್ಪುವಿನ ಜನ್ಮಸ್ಥಳವೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಆ ರಕ್ಷಣೆಯ ಜೀವ ಇರುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಮಿನಲ್ಲಿ. ರಕ್ಷಿತ ಸ್ಮಾರಕಗಳ ಮುಂದೆ ನಿಲ್ಲಿಸುವ ಫಲಕಗಳನ್ನು ಓದಿದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಸ್ಮಾರಕವನ್ನು ಡಿಸ್ಟ್ರಾಯ್, ರಿಮೂವ್, ಇಂಜರ್, ಆಲ್ಟರ್, ಡಿಫೇಸ್, ಇಂಪೆರಿಲ್ ಅಥವಾ ಮಿಸ್ಯೂಸ್ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಒಂದೇ ಉಸಿರಿಗೆ ಏಳು! ಒಂದೇ ಮಾತನ್ನು ಏಳು ಸಲ ಹೇಳಿದ ಹಾಗೆ ಕೇಳಿಸುತ್ತದೆ. ಬಿಡಿಸಿ ನೋಡಿದರೆ ಒಂದೊಂದರ ಹಿಂದೆ ಒಂದೊಂದು ಬಗೆಯ ಕೈ ಕಾಣುತ್ತದೆ. ಗೋಡೆಯನ್ನೇ ಉರುಳಿಸಿದರೆ ಡಿಸ್ಟ್ರಾಯ್. ಉರುಳಿಸದೆ ಒಂದು ಚಪ್ಪಡಿಯನ್ನು ಎಬ್ಬಿಸಿ ಮನೆಯ ಪಾಯಕ್ಕೆ ಹೊತ್ತೊಯ್ದರೆ ರಿಮೂವ್. ಏಟು ಹಾಕಿ ಬಿರುಕು ಬಿಡಿಸಿದರೆ ಇಂಜರ್. ಚೆಂದ ಮಾಡುತ್ತೇನೆಂದು ಸಿಮೆಂಟು ಮೆತ್ತಿದರೆ ಆಲ್ಟರ್. ಬಾಣದ ಗುರುತಿನ ಜೊತೆ ಎರಡು ಹೆಸರು ಕೆತ್ತಿದರೆ ಡಿಫೇಸ್. ಪಕ್ಕದಲ್ಲೇ ಹಳ್ಳ ತೋಡಿ ಪಾಯ ಸಡಿಲಿಸಿದರೆ ಇಂಪೆರಿಲ್. ಮಂಟಪದೊಳಗೆ ಮೇಕೆ ಕಟ್ಟಿದರೆ, ಇಸ್ಪೀಟಿಗೆ ಕೂತರೆ ಮಿಸ್ಯೂಸ್. ನಾಶವೆಂಬುದು ಒಂದೇ ಕೆಲಸವಲ್ಲ, ಏಳು ಬೇರೆ ಬೇರೆ ಕೆಲಸ ಎಂದು ಕಾಯ್ದೆ ಎಷ್ಟು ಚುರುಕಾಗಿ ಕಂಡುಕೊಂಡಿದೆ!

ಮೈ ಜುಮ್ಮೆನ್ನುವ ಸಂಗತಿ ಇದಲ್ಲ. ಅದು ಇದೇ ಜಿಲ್ಲೆಯ ಹೊಲ, ಕೆರೆ ಏರಿ, ಗುಡಿಯಂಗಳಗಳಲ್ಲಿ ಇನ್ನೂ ಹಳೆಯದಾಗಿ, ಸದ್ದಿಲ್ಲದೆ ನಿಂತಿದೆ. ನೆಲಮಂಗಲದಲ್ಲಿ, ದೊಡ್ಡಬಳ್ಳಾಪುರದಲ್ಲಿ, ಹೊಸಕೋಟೆಯಲ್ಲಿ, ದೇವನಹಳ್ಳಿಯ ಹಳ್ಳಿಗಳಲ್ಲಿ ಜನ ‘ಅಕ್ಷರದ ಕಲ್ಲು’ ಎಂದು ಕರೆಯುವ ಶಾಸನಗಳಿವೆಯಲ್ಲ, ಅವೂ ಇದೇ ಕೆಲಸಕ್ಕೆ ನಿಂತವು. ಅವುಗಳ ಕೊನೆಯ ಸಾಲುಗಳಲ್ಲೂ ನಾಶಮಾಡುವವನಿಗೆ ಎಚ್ಚರಿಕೆಯಿದೆ, ಶಿಕ್ಷೆಯಿದೆ. ಕಾಯ್ದೆ ಏಳು ಪದ ಹೂಡಿದ ಜಾಗದಲ್ಲಿ ಕಲ್ಲಿಗೆ ಸಾಕಾದದ್ದು ಒಂದೇ ಪದ: ಅಳಿ.

ಹದಿನೈದು ಶತಮಾನದ ಒಂದು ಕ್ರಿಯಾಪದ

‘ಅಳಿ’ಯ ವಯಸ್ಸೆಷ್ಟು? ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪತ್ತೆ ಮಾಡಿದ ಶಾಸನ ಸುಮಾರು ಕ್ರಿ.ಶ. 450ರದು. ಕನ್ನಡ ಬರೆಹದ ಅತಿ ಹಳೆಯ ಸಾಕ್ಷಿಗಳಲ್ಲಿ ಅದರದ್ದು ಮೊದಲ ಸಾಲಿನ ಹೆಸರು. ದತ್ತಿಯನ್ನು ಅಳಿಯುವವನಿಗೆ ಮಹಾಪಾತಕ ಎಂದು ಅಷ್ಟು ಚಿಕ್ಕ ಕಲ್ಲಿನ ಮೇಲೂ ಕೊರೆದಿದ್ದಾರೆ! ಕನ್ನಡ ಕಲ್ಲಿನ ಮೇಲೆ ಬಾಯಿ ತೆರೆದ ಹೊತ್ತಿನಲ್ಲೇ ‘ಹಾಳು ಮಾಡಬೇಡ’ ಎಂದು ಗದರಿದೆ.

ಅಲ್ಲಿ ಆ ಪದವನ್ನು ಬರೆದಿರುವುದು ‘ಅೞಿ’ ಎಂದು. ಈ ೞ ಹಳಗನ್ನಡದ ಅಕ್ಷರ. ಕಾಲಕ್ರಮದಲ್ಲಿ ಅದು ಳದೊಳಗೆ ಕರಗಿಹೋಯಿತು. ಇಂದಿನ ವರ್ಣಮಾಲೆಯಲ್ಲಿ ಅದಕ್ಕೆ ಜಾಗವಿಲ್ಲ. ಅಳಿವನ್ನು ಹೆಸರಿಸಲು ಹುಟ್ಟಿದ ಪದದ ಹೊಟ್ಟೆಯೊಳಗಿನ ಅಕ್ಷರವೇ ಅಳಿದುಹೋಗಿದೆ! ‘ಹಾಳು’ ಎಂಬ ಪದವೂ ಹಾಗೆಯೇ. ಹಳಗನ್ನಡದಲ್ಲಿ ಅದು ‘ಪಾೞ್’. ಪಾಳುಬಿದ್ದ ಗುಡಿ ಎನ್ನುವಾಗ ನಾವು ಆ ಪ ಕಾರವನ್ನು ಇನ್ನೂ ಉಳಿಸಿಕೊಂಡಿದ್ದೇವೆ, ೞ ಮಾತ್ರ ಇಲ್ಲ.

ಗಡಿಯಾಚೆ ಆ ಅಕ್ಷರ ಇನ್ನೂ ಬದುಕಿದೆ. ಹನ್ನೊಂದನೇ ಶತಮಾನದ ಮೊದಲಲ್ಲಿ ಗಂಗವಾಡಿ ಚೋಳರ ಕೈಗೆ ಹೋದಾಗ ಈ ಸೀಮೆಯ ಗುಡಿಗಳ ಮೇಲೆ ತಮಿಳು ಶಾಸನಗಳೂ ಬಂದವು. ನೆಲಮಂಗಲ ತಾಲ್ಲೂಕಿನ ಬಿನ್ನಮಂಗಲದ ಮುಕ್ತಿನಾಥೇಶ್ವರ ಗುಡಿ ಚೋಳರ ಕಾಲದ ಅಂಥ ಶಾಸನಗಳಿಗೆ ಹೆಸರಾದದ್ದು. ತಮಿಳು ಶಾಸನಗಳ ರೂಢಿಯ ಬೆದರಿಕೆ ಕೇಳಿ: ಈ ಧರ್ಮವನ್ನು ಅಳಿದವನು ಗಂಗೆಯಿಂದ ಕನ್ಯಾಕುಮಾರಿಯವರೆಗೆ ಇರುವ ಜನರೆಲ್ಲ ಮಾಡಿದ ಪಾಪವನ್ನು ಹೊರುತ್ತಾನೆ! ಅಲ್ಲಿಯೂ ಅದೇ ಧಾತು, ಅದೇ ೞಕಾರ. ಎರಡು ಭಾಷೆ, ಎರಡು ರಾಜ್ಯ, ಒಂದೇ ಬೈಗುಳ.

ಕನ್ನಡ ಕಲ್ಲುಗಳ ಶಿಕ್ಷೆಯ ಪಟ್ಟಿಯೂ ಸಣ್ಣದಲ್ಲ. ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಒಂದು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು ಇನ್ನೊಂದು. ದೆಹಲಿಯ ಕಾಯ್ದೆ ಹೆಚ್ಚೆಂದರೆ ಎರಡು ವರ್ಷ ಒಳಗೆ ಹಾಕುತ್ತದೆ. ಕಲ್ಲು ಹಾಕುವ ಶಿಕ್ಷೆ ಅದರ ಮೂವತ್ತು ಸಾವಿರ ಪಟ್ಟು! ಕಾಯ್ದೆಗೆ ಹೊಳೆಯದ ಮಾತನ್ನೂ ಕಲ್ಲು ಆಡುತ್ತದೆ. ಕಾಪಾಡಿದವನಿಗೆ ಬಹುಮಾನವಿದೆ: ಕೋಡು ಗೊರಸಿಗೆ ಚಿನ್ನ ಕಟ್ಟಿಸಿದ ಸಾವಿರ ಹಸುಗಳನ್ನು ಪುಣ್ಯಕ್ಷೇತ್ರದಲ್ಲಿ ದಾನ ಕೊಟ್ಟ ಫಲ. ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚು ಎಂದು ಸಂಸ್ಕೃತ ಶ್ಲೋಕವೊಂದು ಶಾಸನದಿಂದ ಶಾಸನಕ್ಕೆ ಸಾರುತ್ತಾ ಹೋಗುತ್ತದೆ. ವಿದ್ವಾಂಸರು ಈ ಭಾಗವನ್ನು ಶಾಪಾಶಯ ಎನ್ನುತ್ತಾರೆ.

ಈ ಶಾಪಗಳು ಇಂಗ್ಲಿಷ್ ಕಂಡದ್ದು ಬಿ.ಎಲ್. ರೈಸ್ ಅವರ ಕೈಯಲ್ಲಿ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪಾದ್ರಿಯ ಮಗ ರೈಸ್. ಹಳೆಯ ಮೈಸೂರು ಸೀಮೆಯ ಹಳ್ಳಿಹಳ್ಳಿಯ ಕಲ್ಲುಗಳಿಂದ ಸುಮಾರು 9000 ಶಾಸನಗಳನ್ನು ಒಟ್ಟುಮಾಡಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳನ್ನು ಹೊರತಂದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯದು, 1905ರದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳಿರುವುದು ಅದರಲ್ಲಿಯೇ. ಅದರ ಅನುವಾದದ ಪುಟಗಳನ್ನು ತಿರುವಿದರೆ ಒಂದು ವಿನೋದ ಕಾಣುತ್ತದೆ. ಕಲ್ಲು ಕುಟಿಗ ಬೆವರು ಸುರಿಸಿ ಕೊರೆದ ಶಾಪಗಳನ್ನು ರೈಸ್ ಎಷ್ಟೋ ಕಡೆ ‘ಎಂದಿನ ಕೊನೆಯ ಶ್ಲೋಕಗಳು’ ಎಂಬರ್ಥದ ಎರಡು ಮೂರು ಪದಗಳಲ್ಲಿ ಕಂಸದೊಳಗೆ ಮುಗಿಸಿಬಿಡುತ್ತಾರೆ. ಸಾವಿರಾರು ಶಾಪ ಓದಿದವರಿಗೆ ಶಾಪವೂ ಬೇಸರ ತರಿಸುತ್ತದೆ, ಪಾಪ!

ಇಂಗ್ಲಿಷ್ ಪದಗಳೊಳಗೆ ಅಡಗಿದ ಕಲ್ಲು

ಇನ್ನು ಇಂಗ್ಲಿಷಿನ ನಾಶಪದಗಳ ಬುಡಕ್ಕೆ ಹೋಗೋಣ. ಅವುಗಳ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದಾಗ ನಿಂತಲ್ಲೇ ನಿಲ್ಲುವಂತಾಗುತ್ತದೆ.

ಡಿಸ್ಟ್ರಾಯ್ ಬಂದದ್ದು ಲ್ಯಾಟಿನ್ನಿನ ‘ಸ್ಟ್ರುಯೆರೆ’ಯಿಂದ. ಹಾಗೆಂದರೆ ಒಂದರ ಮೇಲೊಂದು ಪೇರಿಸು, ಕಟ್ಟು. ನಮ್ಮ ಎಂಜಿನಿಯರುಗಳ ಬಾಯಲ್ಲಿ ದಿನವೂ ಓಡಾಡುವ ಸ್ಟ್ರಕ್ಚರ್, ಕನ್‌ಸ್ಟ್ರಕ್ಷನ್ ಅದರದೇ ಒಡಹುಟ್ಟುಗಳು. ಪೇರಿಸಿದ್ದನ್ನು ಕಳಚುವುದೇ ಡಿಸ್ಟ್ರಾಯ್. ಡಿಮಾಲಿಶ್‌ನದೂ ಅಂಥದೇ ಕಥೆ. ಅದರೊಳಗಿರುವುದು ಬಹಳ ಶ್ರಮದಿಂದ ಎಬ್ಬಿಸಿದ ಭಾರೀ ಕಟ್ಟಡ. ಅದಕ್ಕೇ ಇಂಗ್ಲಿಷಿನವರು ಮನೆ, ಗೋಡೆ, ಸೇತುವೆಗಳನ್ನು ಡಿಮಾಲಿಶ್ ಮಾಡುತ್ತಾರೆ. ಕಾಡನ್ನಾಗಲಿ ಬೆಳೆಯನ್ನಾಗಲಿ ಡಿಮಾಲಿಶ್ ಮಾಡುವುದಿಲ್ಲ. ನಮ್ಮ ‘ಕೆಡವು’ ಕೂಡ ಬಹುಮಟ್ಟಿಗೆ ಹೀಗೆಯೇ ಅಲ್ಲವೆ? ಗೋಡೆ ಕೆಡವುತ್ತೇವೆ, ಬೆಳೆ ಕೆಡವುವುದಿಲ್ಲ. ಬೆಳೆ ಹಾಳಾಗುತ್ತದೆ.

ಡಿಲಾಪಿಡೇಟ್ ನೋಡಿ. ಅದರೊಳಗೆ ‘ಲಾಪಿಸ್’ ಇದೆ. ಲಾಪಿಸ್ ಅಂದರೆ ಕಲ್ಲು! ಕಲ್ಲುಗಳು ಚೆಲ್ಲಾಪಿಲ್ಲಿಯಾಗುವುದೇ ಡಿಲಾಪಿಡೇಟ್. ಈ ಪದದ ಅರ್ಥ ನಿಘಂಟಿಗಿಂತ ಚೆನ್ನಾಗಿ ತಿಳಿಯಬೇಕಾದರೆ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೋಗಬೇಕು. ಇಂದಿನ ಈ ಹಳ್ಳಿ ಎಂಟನೇ ಶತಮಾನದಲ್ಲಿ ಮಾನ್ಯಪುರ, ಗಂಗದೊರೆ ಶ್ರೀಪುರುಷನ ರಾಜಧಾನಿ! ಅಲ್ಲಿನ ಕಪಿಲೇಶ್ವರ ಗುಡಿಯಲ್ಲಿ ಗಂಗರ ಕಾಲದ ಕೆತ್ತನೆಯನ್ನೂ ಕಾಣಬಹುದು, ಪಾಳು ಬೀಳುವುದೆಂದರೇನು ಎಂಬುದನ್ನೂ ಕಾಣಬಹುದು. ಇಂಗ್ಲೆಂಡಿನ ಚರ್ಚಿನವರಿಗೆ ಡಿಲಾಪಿಡೇಷನ್ ಎಂಬುದು ಒಂದು ಕಾನೂನಿನ ಮಾತೂ ಆಗಿತ್ತು. ತನ್ನ ಸುಪರ್ದಿಗೆ ಬಂದ ಕಟ್ಟಡವನ್ನು ರಿಪೇರಿ ಮಾಡಿಸದೆ ಬಿಟ್ಟ ಪಾದ್ರಿ ಅದಕ್ಕೆ ಹೊಣೆಗಾರ. ಕೈಯೆತ್ತಿ ಹೊಡೆಯಬೇಕಿಲ್ಲ, ಕೈಕಟ್ಟಿ ಕೂತರೂ ಅಪರಾಧ! ಕೊಡುವುದಕ್ಕಿಂತ ಪಾಲಿಸುವುದು ಹೆಚ್ಚು ಎಂದ ನಮ್ಮ ಶ್ಲೋಕದ ಮಾತೂ ಇದೇ.

ಆಬ್ಲಿಟರೇಟ್ ಎಂಬ ಪದದೊಳಗಿರುವುದು ‘ಲಿಟೆರಾ’. ಹಾಗೆಂದರೆ ಅಕ್ಷರ! ಲಿಟರೇಚರ್, ಲಿಟರಸಿ ಅದರ ನೆಂಟರು. ಹೇಳಹೆಸರಿಲ್ಲದಂತೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿರುವ ಬಿರುಸಾದ ಪದಗಳಲ್ಲಿ ಒಂದು ಹುಟ್ಟಿದ್ದು ಅಕ್ಷರವನ್ನು ಹೊಡೆದುಹಾಕುವ ಕೆಲಸದಿಂದ. ಬಟ್ಟೆ ಒಗೆದು ಒಗೆದು ನುಣುಪಾದ ಶಾಸನದ ಕಲ್ಲನ್ನು, ವರ್ಷವರ್ಷ ಸುಣ್ಣ ಬಳಿಸಿಕೊಂಡು ಮುಖ ಮುಚ್ಚಿದ ಕಲ್ಲನ್ನು ಕಂಡವರಿಗೆ ಇದಕ್ಕಿಂತ ಸರಿಯಾದ ಪದ ಸಿಗದು.

ಎಕ್ಸ್‌ಟರ್ಮಿನೇಟ್‌ನಲ್ಲಿ ‘ಟರ್ಮಿನಸ್’ ಇದೆ. ಅದು ಎಲ್ಲೆ, ಎಲ್ಲೆಯ ಕಲ್ಲು. ರೋಮನ್ನರಿಗೆ ಟರ್ಮಿನಸ್ ಎಂಬ ಎಲ್ಲೆಗಲ್ಲಿನ ದೇವರೇ ಇದ್ದ! ಎಲ್ಲೆಯಾಚೆಗೆ ಓಡಿಸುವುದು ಆ ಪದದ ಮೊದಲ ಅರ್ಥ, ನಿರ್ನಾಮ ಮಾಡುವುದು ಆಮೇಲಿನದು. ನಮ್ಮ ದಾನಶಾಸನಗಳಾದರೂ ಮಾಡುವುದೇನು? ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುತ್ತ, ಪಡುವಲಿಗೆ ಯಾವ ಮರ, ಬಡಗಲಿಗೆ ಯಾವ ಗುಂಡು ಎಂದು ಎಲ್ಲೆ ಕಟ್ಟುತ್ತವೆ. ಶಿವನ ಗುಡಿಯ ಭೂಮಿಗೆ ಲಿಂಗಮುದ್ರೆ ಕಲ್ಲು, ವಿಷ್ಣುವಿನ ಭೂಮಿಗೆ ವಾಮನಮುದ್ರೆ ಕಲ್ಲು ನೆಡುತ್ತವೆ.

ಇರಾಡಿಕೇಟ್‌ನಲ್ಲಿ ‘ರಾಡಿಕ್ಸ್’, ಅಂದರೆ ಬೇರು. ನಮ್ಮ ‘ನಿರ್ಮೂಲನ’ವೂ ಅಕ್ಷರಶಃ ಅದೇ: ಮೂಲವನ್ನು ಕೀಳುವುದು. ಮಜಾ ಏನೆಂದರೆ ಇಂಗ್ಲಿಷಿನ ರ್ಯಾಡಿಶ್ ಅದೇ ರಾಡಿಕ್ಸ್‌ನಿಂದ ಬಂದದ್ದು. ಮೂಲಂಗಿಗೆ ಸಂಸ್ಕೃತದಲ್ಲಿ ‘ಮೂಲಕ’ ಎಂದೇ ಹೆಸರು! ನಿರ್ನಾಮದ ಇಷ್ಟು ದೊಡ್ಡ ಪದಕ್ಕೂ ಹೊಸಕೋಟೆ ಸಂತೆಯ ಮೂಲಂಗಿ ಕಟ್ಟಿಗೂ ಎರಡು ಖಂಡಗಳಲ್ಲಿ ಒಂದೇ ನಂಟು. ಇರಾಡಿಕೇಟ್ ಆಗಬಾರದ ಬೇರು ಯಾವುದೆಂದು ಕೇಳಿದರೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರನ್ನು ತೋರಿಸಬಹುದು. ಅಲ್ಲಿನ ಪುರಾತನ ಹುಣಸೆ ತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು.

ಡೆವಸ್ಟೇಟ್ ಅಂದರೆ ಬರಿದು ಮಾಡುವುದು, ಅದರ ಮೂಲದಲ್ಲಿರುವುದು ಶೂನ್ಯವಾದ ಬಯಲು. ನಮ್ಮ ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಊರಿಗೆ ‘ಬೇಚಿರಾಕ್ ಗ್ರಾಮ’ ಎನ್ನುತ್ತಾರಲ್ಲ, ಅದು ಫಾರ್ಸಿಯ ಪದ. ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪವಿಲ್ಲದ್ದು! ಕಂದಾಯದ ಕಡತದಲ್ಲಿ ಇಂಥದೊಂದು ಪದ ಕೂತಿದೆ ಎಂದು ಯಾರು ಎಣಿಸಿದ್ದರು?

ಈಗ ಎಲ್ಲವನ್ನೂ ಜೋಡಿಸಿ ನೋಡಿ. ಪೇರಿಸಿದ ಕಟ್ಟಡ, ಕಲ್ಲು, ಅಕ್ಷರ, ಎಲ್ಲೆ, ಬೇರು. ಒಂದು ಅಕ್ಷರದ ಕಲ್ಲಿನ ಸುತ್ತ ಇರುವುದೆಲ್ಲ ಇದೇ ತಾನೆ! ಗುಡಿ, ಅದರ ಮುಂದಿನ ಕಲ್ಲು, ಅದರ ಮೇಲಿನ ಬರೆಹ, ಅದು ಹೇಳುವ ಗಡಿ, ದಾನಿಯ ವಂಶದ ಬೇರು. ಇಂಗ್ಲಿಷಿನ ಈ ನಾಶಪದಗಳು ತಾವು ಕೆಡಿಸುವ ವಸ್ತುವನ್ನು ತಮ್ಮ ಹೆಸರಿನೊಳಗೇ ಬಚ್ಚಿಟ್ಟುಕೊಂಡಿವೆ.

ಒಂದೇ ದಶಕದ ಎರಡು ಸಂಗತಿ

ಇಂಗ್ಲಿಷಿನ ವ್ಯಾಂಡಲಿಸಂ ಪದ ಈಗ ಕನ್ನಡ ಪತ್ರಿಕೆಗಳಿಗೂ ಹೊಸದಲ್ಲ. ವ್ಯಾಂಡಲರೆಂಬ ಜನಾಂಗ ರೋಮ್ ನಗರವನ್ನು ದೋಚಿದ್ದು ಕ್ರಿ.ಶ. 455ರಲ್ಲಿ. ಹಲ್ಮಿಡಿಯ ಕಲ್ಲಿಗೆ ವಿದ್ವಾಂಸರು ಕೊಡುವ ಕಾಲ ಸುಮಾರು 450. ಅಲ್ಲಿ ಒಂದು ಮಹಾನಗರ ಲೂಟಿಯಾಗಿ ಹೆಸರು ಕೆಡಿಸಿಕೊಂಡ ಜನಾಂಗವೊಂದು ನಾಶಕ್ಕೆ ಪದವಾಗುವ ದಾರಿ ಹಿಡಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಯಾರೋ ಅಳಿಯಬೇಡಿ ಎಂದು ಕಲ್ಲು ಕೊರೆಯುತ್ತಿದ್ದರು!

ಕಥೆ ಅಲ್ಲಿಗೆ ಮುಗಿಯಲಿಲ್ಲ. ವ್ಯಾಂಡಲಿಸಂ ಎಂಬ ಪದವನ್ನು ಟಂಕಿಸಿದ್ದು ಫ್ರೆಂಚ್ ಕ್ರಾಂತಿಯ ನಡುವೆ, 1794ರಲ್ಲಿ, ಬ್ಲೋವಾದ ಬಿಷಪ್ ಆಂರಿ ಗ್ರೆಗ್ವಾರ್. ಅರಸೊತ್ತಿಗೆಯ ಮೇಲಿನ ಸಿಟ್ಟಿನಲ್ಲಿ ಜನ ಪುತ್ಥಳಿ, ಗೋರಿ, ಕಟ್ಟಡಗಳನ್ನು ಒಡೆಯುತ್ತಿದ್ದ ಕಾಲ ಅದು. ಆ ಪದ ಕಾಣಿಸಿಕೊಂಡದ್ದು ಯಾವ ವರದಿಯಲ್ಲಿ? ಸಾರ್ವಜನಿಕ ಸ್ಮಾರಕಗಳ ಮೇಲಿನ ಶಾಸನಗಳ ಕುರಿತ ವರದಿಯಲ್ಲಿ! ಜಗತ್ತಿನ ಎಲ್ಲ ಪುಂಡಾಟಕ್ಕೂ ಇಂದು ಬಳಸುವ ಆ ಪದ ಹುಟ್ಟಿದ್ದು ಅಕ್ಷರದ ಕಲ್ಲುಗಳ ಚಿಂತೆಯಲ್ಲಿ.

ಬಳಕೆಯಲ್ಲಿ ದಾರಿ ತಪ್ಪಿದ ಪದವೂ ಒಂದಿದೆ, ಡೆಸಿಮೇಟ್. ರೋಮನ್ ಸೇನೆಯಲ್ಲಿ ದಂಗೆಯೆದ್ದ ತುಕಡಿಗೆ ಕೊಡುತ್ತಿದ್ದ ಶಿಕ್ಷೆ ಅದು, ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವುದು. ಇಂದು ಬಹುಪಾಲು ನಾಶವಾದರೆ ಡೆಸಿಮೇಟ್ ಎನ್ನುತ್ತಾರೆ. ಹತ್ತರಲ್ಲಿ ಒಂದು ಸತ್ತದ್ದು ಹತ್ತರಲ್ಲಿ ಒಂಬತ್ತು ಸತ್ತಂತಾಯಿತು! ಮಡಿವಂತ ವ್ಯಾಕರಣದವರು ಹಲ್ಲು ಕಡಿಯುತ್ತಾರೆ, ಬಳಕೆ ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬೆರಗು ನಿಮ್ಮ ಜೇಬಿನಲ್ಲೇ ಇದೆ. ಇಂಗ್ಲಿಷಿನಲ್ಲಿ ಊರನ್ನು ನೆಲಸಮ ಮಾಡುವುದಕ್ಕೆ ರೇಜ್ ಎನ್ನುತ್ತಾರೆ, ಬರೆದದ್ದನ್ನು ಉಜ್ಜಿಹಾಕುವುದಕ್ಕೆ ಇರೇಸ್ ಎನ್ನುತ್ತಾರೆ. ಎರಡೂ ಲ್ಯಾಟಿನ್ನಿನ ಒಂದೇ ಧಾತುವಿನವು, ‘ಹೆರೆ’ ಎಂದು ಅರ್ಥ. ಗಡ್ಡ ಹೆರೆಯುವ ರೇಜರ್ ಮೂರನೆಯ ತಮ್ಮ. ಮೊಬೈಲಿನ ಡಿಲೀಟ್ ಹುಟ್ಟಿದ್ದು ‘ದೆಲೇರೆ’ಯಿಂದ. ರೋಮಿನ ಕೇಟೋ ಕಾರ್ಥೇಜ್ ನಗರ ನಾಶವಾಗಲೇಬೇಕು ಎಂದು ಹಟ ಹಿಡಿದಾಗ ಆಡಿದ್ದು ಅದೇ ಧಾತುವನ್ನು, ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಸುಟ್ಟು ಬೂದಿಯಾಯಿತು. ಅದೇ ಮೊಬೈಲನ್ನು ಕನ್ನಡಕ್ಕೆ ಬದಲಿಸಿ ನೋಡಿ. ಡಿಲೀಟ್ ಇದ್ದ ಕಡೆ ಏನು ಬರುತ್ತದೆ? ‘ಅಳಿಸಿ’. ಹಲ್ಮಿಡಿಯ ಧಾತುವೇ! ಕಾರ್ಥೇಜನ್ನು ಸುಟ್ಟ ಪದವೂ ಮಹಾಪಾತಕದ ಪದವೂ ಒಂದೇ ಗುಂಡಿಯಾಗಿ ಬೆರಳ ತುದಿಗೆ ಬಂದು ಕೂತಿವೆ. ಬೇಡದ ಗುಡ್ ಮಾರ್ನಿಂಗ್ ಚಿತ್ರ ಅಳಿಸುವುದಕ್ಕೆ!

ಕಲ್ಲು ಉಳಿದರೂ ಅಳಿಯಬಹುದು

ಈಗ ಆ ಏಳು ಮತ್ತು ಒಂದರ ಲೆಕ್ಕಕ್ಕೆ ಮರಳೋಣ. ಕಾಯ್ದೆಗೆ ಏಳು ಪದ ಬೇಕಾಯಿತು, ಕಲ್ಲಿಗೆ ಒಂದೇ ಸಾಕಾಯಿತು. ಕನ್ನಡ ಬಡವಾಗಿತ್ತೆ? ಶಾಸನಗಳನ್ನು ಓದುತ್ತಾ ಹೋದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ‘ಇದನ್ನು ಅಳಿದವನು’ ಎನ್ನುವಾಗ ‘ಇದು’ ಯಾವುದು? ಕಲ್ಲೇ? ಅಲ್ಲವೇ ಅಲ್ಲ. ಇದು ಎಂದರೆ ಧರ್ಮ, ಅಂದರೆ ಆ ಕಲ್ಲು ಸಾರುವ ದತ್ತಿ. ಕೆರೆ ಕಟ್ಟಿಸಿ ಕಾಪಾಡುವವನಿಗೆ ಬಿಟ್ಟ ಬಿತ್ತುವಟ್ಟ. ಊರಿಗಾಗಿ ಕಾದು ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ. ಗುಡಿಯ ದೀಪಕ್ಕೆ ಬಿಟ್ಟ ಗದ್ದೆ. ಆ ಗದ್ದೆಯನ್ನು ನುಂಗಿದವನು, ತೆರಿಗೆ ಹೇರಿದವನು, ಆದಾಯವನ್ನು ಬೇರೆಡೆಗೆ ತಿರುಗಿಸಿದವನು, ಕೆರೆಗೆ ಬಿಟ್ಟದ್ದನ್ನು ಕೆರೆಗೆ ಕೊಡದವನು, ಇವರೆಲ್ಲರೂ ಅಳಿದವರೇ. ಕಲ್ಲಿನ ಒಂದಕ್ಷರವೂ ಮುಕ್ಕಾಗದಿರಬಹುದು. ದತ್ತಿ ನಿಂತರೆ ಪಾತಕ ಸುತ್ತಿಕೊಂಡಂತೆಯೇ!

ಆಗ ಏಳು ಪದಗಳೂ ಒಂದರೊಳಗೆ ಬಂದು ಸೇರುತ್ತವೆ. ಇಂಜರ್ ಪದದ ಮೂಲವಾದ ‘ಇನ್‌ಜೂರಿಯಾ’ಗೆ ಲ್ಯಾಟಿನ್ನಿನಲ್ಲಿ ಅನ್ಯಾಯ ಎಂದೇ ಅರ್ಥ ಎಂದು ತಿಳಿದಾಗಲಂತೂ ಇಂಗ್ಲಿಷೂ ಒಂದು ಕಾಲಕ್ಕೆ ಇದನ್ನು ಬಲ್ಲದು ಅನ್ನಿಸುತ್ತದೆ. ಕಾಯ್ದೆ ಕಾಯುವುದು ಕಲ್ಲನ್ನು. ಶಾಪ ಕಾಯುತ್ತಿದ್ದುದು ಕೆರೆಯನ್ನು, ದೀಪವನ್ನು, ಕೊಟ್ಟ ಮಾತನ್ನು. ಶಾಸನದ ಕಲ್ಲನ್ನು ತಂದು ವಸ್ತುಸಂಗ್ರಹಾಲಯದಲ್ಲಿ ತೊಳೆದು ನಿಲ್ಲಿಸಿ, ಅದು ಹೇಳುವ ಕೆರೆಯನ್ನು ಸೈಟು ಮಾಡಿ ಹಂಚಿದರೆ ಕಾಯ್ದೆಯ ಪ್ರಕಾರ ಶಾಸನ ಭದ್ರ. ಶಾಸನದ ಪ್ರಕಾರ ಅದು ಅಳಿದು ಎಷ್ಟೋ ಕಾಲವಾಯಿತು.

ನಾಶ ಯಾವುದಕ್ಕೆ ಮೊದಲು ಬರುತ್ತದೆ ಎಂಬುದೂ ಸೋಜಿಗವೇ. ಗಟ್ಟಿಯಾದದ್ದು ಉಳಿಯುತ್ತದೆ, ಮೆದುವಾದದ್ದು ಅಳಿಯುತ್ತದೆ ಎಂದುಕೊಂಡಿರುತ್ತೇವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ ಆ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ. 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್. ಕೃಷ್ಣಮೂರ್ತಿ ಅವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆದಾಗ ಬೌದ್ಧ ಚೈತ್ಯ, ವಿಹಾರಗಳ ನೆಲೆ ಸಿಕ್ಕಿತು. ಜೊತೆಗೆ ಸಿಕ್ಕಿದ್ದು ಹರಕೆಗೆಂದು ಭಕ್ತರು ಇಟ್ಟ ಪುಟ್ಟ ಪುಟ್ಟ ಸ್ತೂಪಗಳು. ಕಲ್ಲಿನವಲ್ಲ, ಬರೀ ಮಣ್ಣಿನವು! ಕಟ್ಟಡ ಮಣ್ಣಾಯಿತು, ಮಣ್ಣಿನ ಆಟಿಕೆಯಂಥ ಸ್ತೂಪಗಳು ಉಳಿದವು. ಯಾಕೆ? ಯಾರಿಗೂ ಅವುಗಳಿಂದ ಉಪಯೋಗವಿರಲಿಲ್ಲ. ಶಾಸನದ ಚಪ್ಪಡಿಗೆ ಅದರ ಚಪ್ಪಟೆ ಮೈಯೇ ಶತ್ರು. ಮೋರಿಗೆ ಹಾಸಲು, ಬಟ್ಟೆ ಒಗೆಯಲು, ಹಟ್ಟಿಯ ಮೆಟ್ಟಿಲಿಗೆ ಅದಕ್ಕಿಂತ ಒಳ್ಳೆಯ ಕಲ್ಲುಂಟೆ? ಅಕ್ಷರವಿದ್ದ ಕಡೆ ನಿಧಿಯಿದೆ ಎಂಬ ಆಸೆ ಇನ್ನೊಂದು ಶತ್ರು. ರಾತ್ರೋರಾತ್ರಿ ಕಲ್ಲು ಕಿತ್ತು ಒಡೆದವರು ಎಷ್ಟು ಜನ!

ತಾಮ್ರಕ್ಕೂ ಅದೇ ಅಪಾಯ, ಕರಗಿಸಿದರೆ ಪಾತ್ರೆ. ಹಾಗಿರುವಾಗ ಮಣ್ಣೆಯ ತಾಮ್ರಶಾಸನಗಳು ಉಳಿದದ್ದೇ ಒಂದು ಪವಾಡ. ಗಂಗರ ಮಾರಸಿಂಹನ ಕಾಲದ್ದು 797ರದು, ರಾಷ್ಟ್ರಕೂಟರ ಕಾಲದ್ದು 802ರದು. ಶ್ರೀವಿಜಯನೆಂಬ ಸೇನಾನಿ ಮಾನ್ಯಪುರದಲ್ಲಿ ಜಿನಾಲಯ ಕಟ್ಟಿಸಿದ ಸುದ್ದಿಯನ್ನು ಇಂದಿಗೂ ನಮಗೆ ಹೇಳುತ್ತಿರುವುದು ಈ ತಾಮ್ರದ ಹಲಗೆಗಳು.

ಒಳ್ಳೆಯ ಸುದ್ದಿಯೂ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಲ್ಲು ಸುಮಾರು ಕ್ರಿ.ಶ. 750ರದೆಂದು, ಶ್ರೀಪುರುಷನ ಕಾಲದ ಕಿತ್ತಯ್ಯನೆಂಬ ವೀರನದೆಂದು ತಿಳಿದುಬಂತು. ಬೆಂಗಳೂರಿನ ಅಕ್ಷರದ ಇತಿಹಾಸವೇ ಹಿಂದಕ್ಕೆ ಜರುಗಿತು. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಸೀಮೆಯ ಶಾಸನಗಳನ್ನು ಹುಡುಕಿ ಹುಡುಕಿ ತ್ರಿಆಯಾಮ ಸ್ಕ್ಯಾನ್ ಮಾಡುತ್ತಿದೆ. ಒದ್ದೆ ಕಾಗದ ಹೊದಿಸಿ ಮಸಿ ಸವರಿ ಪಡಿಯಚ್ಚು ತೆಗೆಯುತ್ತಿದ್ದ ಕೆಲಸವನ್ನು ಈಗ ಬೆಳಕಿನ ಕಿರಣ ಮಾಡುತ್ತದೆ. ಕಣ್ಣಿಗೂ ಕೈಗೂ ಸಿಗದ ಸವೆದ ಅಕ್ಷರ ಕಂಪ್ಯೂಟರಿನ ಪರದೆಯ ಮೇಲೆ ಮೆಲ್ಲನೆ ಮೇಲೇಳುತ್ತದೆ!

ಸ್ಕ್ಯಾನು ಅಕ್ಷರವನ್ನು ಉಳಿಸೀತು, ಕೆರೆಯನ್ನು ಉಳಿಸದು. ಅದು ಊರವರ ಕೆಲಸ. ಈ ನಾಲ್ಕು ತಾಲ್ಲೂಕುಗಳ ಓದುಗರು ಒಂದಿಷ್ಟು ಮಾಡಬಹುದು. ನಿಮ್ಮೂರಿನ ಹೊಲದ ಬದುವಿನಲ್ಲಿ, ಗುಡಿಯ ಹಿಂಬದಿಯಲ್ಲಿ, ಮೋರಿಯ ಮೇಲೆ ಅಕ್ಷರದ ಕಲ್ಲು ಕಂಡರೆ ಕಿತ್ತು ಬೇರೆಡೆಗೆ ಸಾಗಿಸಬೇಡಿ, ಭಕ್ತಿಯಿಂದಲೂ ಬಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಉಳಿ ಮುಟ್ಟಿಸಬೇಡಿ. ಸಂಜೆಯ ಇಳಿಬಿಸಿಲಿನಲ್ಲಿ, ಇಲ್ಲವೇ ಕತ್ತಲಲ್ಲಿ ಪಕ್ಕದಿಂದ ಟಾರ್ಚು ಹಿಡಿದು ಒಂದು ಫೋಟೊ ತೆಗೆಯಿರಿ. ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ಕಳಿಸಿ. ಅವರು ಓದಿ ಹೇಳಿದಾಗ ಇನ್ನೊಂದು ಪ್ರಶ್ನೆ ಕೇಳಿ: ಈ ಕಲ್ಲು ಯಾವ ಕೆರೆಗೆ, ಯಾವ ತೋಪಿಗೆ, ಯಾವ ಗುಡಿಗೆ ಬಿಟ್ಟದ್ದು, ಅದು ಈಗ ಎಲ್ಲಿದೆ? ಆ ಕೆರೆಯಲ್ಲಿ ನೀರು ನಿಂತಿದ್ದರೆ ಶಾಸನ ಇನ್ನೂ ಜಾರಿಯಲ್ಲಿದೆ.